ಆ "7 ನಿಮಿಷ"ದ ಫಾರ್ವರ್ಡ್ ಬಗ್ಗೆ ಒಂದು ಸ್ಪಷ್ಟನೆ

"ಇಂಗ್ಲೆಂಡಲ್ಲಿ ಯಾರೇ ಫೋನ್ ಮಾಡಿದ್ರೂ 7 ನಿಮಿಷಕ್ಕೆ ಆಂಬುಲೆನ್ಸ್ ಬರುತ್ತೆ, ನಮ್ಮ 108ಕ್ಕೆ ಅರ್ಧ ಗಂಟೆ ಬೇಕು" ಅಂತ ವಾಟ್ಸಾಪಲ್ಲಿ ಓಡಾಡ್ತಿದೆಯಲ್ಲ, ಅದು ಸರಿಯಿಲ್ಲ. 7 ನಿಮಿಷ ಅನ್ನೋದು ಅಲ್ಲಿನ ಟಾರ್ಗೆಟ್, ಅದೂ ಸರಾಸರಿ, ಅದೂ ಕೆಟಗರಿ 1ಕ್ಕೆ ಮಾತ್ರ, ಅಂದ್ರೆ ಎದೆಬಡಿತ ನಿಂತೋಗಿರೋದು, ಉಸಿರೇ ಆಡ್ತಿಲ್ಲ ಅನ್ನೋ ಥರದ ಕೇಸು. ಎದೆನೋವು, ಸ್ಟ್ರೋಕ್ ಕೆಟಗರಿ 2ಕ್ಕೆ ಹೋಗುತ್ತೆ, ಅದಕ್ಕೆ 2017ರಲ್ಲಿ ಇಟ್ಟಿದ್ದೇ 18 ನಿಮಿಷ, 2022ರ ಡಿಸೆಂಬರಲ್ಲಿ ನಿಜವಾಗಿ ಆಗಿದ್ದು ಸರಾಸರಿ ಒಂದೂವರೆ ಗಂಟೆಗೂ ಜಾಸ್ತಿ!

ಇನ್ನು ಸರಾಸರಿ ವಿಷ್ಯ. ಒಂಬತ್ತು ಜನಕ್ಕೆ 5 ನಿಮಿಷಕ್ಕೆ ಬಂದು ಹತ್ತನೆಯವರಿಗೆ 25 ನಿಮಿಷ ಆದ್ರೂ ಸರಾಸರಿ 7ಏ ಬರುತ್ತೆ, ಆ ಹತ್ತನೆಯವರು ನಮ್ಮನೆ ಅಜ್ಜಿ ಆಗಿದ್ರೆ? ಸರಾಸರಿ ಒಂದೇ ಸಾಲಲ್ಲ ಅಂತ್ಲೇ ಅಲ್ಲಿ ಕೆಟಗರಿ 1ರಲ್ಲಿ ಹತ್ತರಲ್ಲಿ ಒಂಬತ್ತು ಕೇಸಿಗೆ 15 ನಿಮಿಷದೊಳಗೆ ತಲುಪ್ಬೇಕು ಅಂತ ಇನ್ನೊಂದು ಅಳತೆನೂ ಇಟ್ಟಿದಾರೆ, ಫಾರ್ವರ್ಡಲ್ಲಿ ಅದೇ ಇಲ್ಲ.

ಗಡಿಯಾರ ಯಾವಾಗ ಶುರು ಅನ್ನೋದೂ ಮುಖ್ಯ ಕಣ್ರೀ. ಫೋನ್ ಎತ್ತಿದಾಗಿಂದ್ಲಾ, "ಮಾರಮ್ಮನ ಗುಡಿ ದಾಟಿ ಎಡಕ್ಕೆ" ಅಂತ ಅಡ್ರೆಸ್ ಹೇಳಿ ಮುಗಿಸಿದ್ಮೇಲಾ, ಗಾಡಿ ಹೊರಟಾಗಿಂದ್ಲಾ? ಆ ಅರ್ಧ ಗಂಟೆ ಯಾವ ಜಿಲ್ಲೇದು, ಯಾವ ವರ್ಷದ್ದು, ಸಿಟಿದಾ ಹಳ್ಳಿದಾ ಅಂತನೂ ಅದ್ರಲ್ಲಿಲ್ಲ. 108 ತಡ ಆಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ, ತಡ ಆದ್ರೆ ಗಟ್ಟಿಯಾಗೇ ಕೇಳ್ಬೇಕು, ಆದ್ರೆ ಒಂದೇ ಥರ ಅಳೆದ ಲೆಕ್ಕ ಇಟ್ಕೊಂಡು ಕೇಳೋಣ. ದಯವಿಟ್ಟು ಆ ಮೆಸೇಜ್ ಮುಂದಕ್ಕೆ ಕಳಿಸ್ಬೇಡಿ.