ಕೆನ್ನೆಗೆ ಅವರೆಬೇಳೆ

ಇದನ್ನು ಬರೆಯುವ ಹೊತ್ತಿಗೆ ನನ್ನ ಎಡಭಾಗದ ಕೆಳದವಡೆಯಲ್ಲಿ ಒಂದು ಟೈಟಾನಿಯಂ ತಿರುಪೂ ಅದರ ಮೇಲೆ ಮೂರು ಹೊಲಿಗೆಗಳೂ ಇವೆ. ಎದುರಿನ ಮೇಜಿನ ಮೇಲೆ ಕೆನೆಗಟ್ಟಿದ ಫಿಲ್ಟರ್ ಕಾಫಿ ಇದೆ. ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಆರನೆಯ ದಿನ. ನೋವು ಬಹುಮಟ್ಟಿಗೆ ಹೋಗಿದೆ. ಹೋಗದೆ ಉಳಿದಿರುವುದು ಈ ಕಾಫಿಯ ಮೇಲಿನ ಸಿಟ್ಟು. ದಂತವೈದ್ಯರು ಕೊಟ್ಟ ಸೂಚನೆಗಳ ಹಾಳೆಯಲ್ಲಿ ಮೊದಲ ದಿನ ತಣ್ಣಗಿನದನ್ನೂ ಆಮೇಲೆ ಕೆಲವು ದಿನ ಉಗುರುಬೆಚ್ಚಗಿನದನ್ನೂ ಮಾತ್ರ ಸೇವಿಸಬೇಕೆಂದು ಬರೆದಿದೆಯೇ ಹೊರತು, ಉಗುರುಬೆಚ್ಚಗೆ ಎಂದರೆ ಯಾರ ಉಗುರಿಗೆ ಎಂಬುದನ್ನು ಬರೆದಿಲ್ಲ. ನಮ್ಮ ಮನೆಯಲ್ಲಿ ಅದನ್ನು ತೀರ್ಮಾನಿಸುವ ಅಧಿಕಾರ ಅತ್ತೆಯವರದು. ಅವರು ಲೋಟವನ್ನು ಹೊರಗಿನಿಂದ ಮುಟ್ಟಿ, ‘ಇನ್ನೂ ಒಂಚೂರು ಆರಲಿ’ ಎಂದು ನನ್ನ ಕೈಗೆಟುಕದಷ್ಟು ದೂರ ಸರಿಸುತ್ತಾರೆ. ಪೂಜೆ ಮುಗಿಸಿ ಬಂದು ಎರಡನೆಯ ಸಲ ಮುಟ್ಟಿ ಒಪ್ಪಿಗೆ ಕೊಡುವ ಹೊತ್ತಿಗೆ ಅದು ಕಾಫಿಯಾಗಿ ಉಳಿದಿರುವುದಿಲ್ಲ.

ಇದಕ್ಕೆಲ್ಲ ಕಾರಣ ಒಂದು ಸಕ್ಕರೆ ಆನೆ. ಕಳೆದ ಸಂಕ್ರಾಂತಿಯಂದು ಪಕ್ಕದ ಮನೆಯ ಮಗು ಎಳ್ಳು ಬೀರಲು ಬಂದು, ತಟ್ಟೆಯಲ್ಲಿದ್ದ ಸಕ್ಕರೆ ಅಚ್ಚುಗಳ ಪೈಕಿ ಅತ್ಯಂತ ದೊಡ್ಡ ಆನೆಯನ್ನೇ ಆರಿಸಿ ನನಗೆ ಕೊಟ್ಟಿತು. ಮಗುವಿನ ಮನಸ್ಸು ನೋಯಿಸಬಾರದೆಂದು ಅದರೆದುರಿಗೇ ಆನೆಯ ಹಿಂಗಾಲನ್ನು ಕಚ್ಚಿದೆ. ಕಾಲು ಮುರಿಯಲಿಲ್ಲ. ಹತ್ತು ವರ್ಷದ ಹಿಂದೆ ಬೇರಿನ ಚಿಕಿತ್ಸೆ ಮಾಡಿಸಿ ಕ್ಯಾಪ್ ಹಾಕಿಸಿದ್ದ ದವಡೆ ಹಲ್ಲು, ಕ್ಯಾಪಿನ ಸಮೇತ ಎರಡು ಹೋಳಾಯಿತು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಅಳಿದುಳಿದ ಬೇರನ್ನು ಕಿತ್ತ ವೈದ್ಯರು, ಮೂಳೆ ತುಂಬಿಕೊಳ್ಳಲು ನಾಲ್ಕು ತಿಂಗಳು ಕಾದು ಇಂಪ್ಲಾಂಟ್, ಅಂದರೆ ಕೃತಕ ಹಲ್ಲನ್ನು ಹೊರುವ ತಿರುಪು, ಹಾಕಿಸಿಕೊಳ್ಳುವುದು ಲೇಸೆಂದರು. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ತಿರುಪನ್ನು ಬೊಂಬೆಯ ದವಡೆಯೊಂದರಲ್ಲಿ ತೋರಿಸಿದರು. ನಮ್ಮ ಮಿಕ್ಸಿಯ ತಳದಲ್ಲಿರುವ ತಿರುಪಿಗಿಂತ ಅದು ದೊಡ್ಡದೇನಲ್ಲ. ಆ ಮಿಕ್ಸಿಯಂಥ ಹತ್ತು ಮಿಕ್ಸಿಗಳ ಬೆಲೆಯನ್ನು ಅದಕ್ಕೆ ಹೇಳಿದ ಮೇಲೆ, ನನ್ನ ಮುಖ ನೋಡಿ ಸಮಾಧಾನಕ್ಕೆಂಬಂತೆ ಅದರ ಕಥೆಯನ್ನೂ ಹೇಳಿದರು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಮೊಲದ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲು ಟೈಟಾನಿಯಂನ ಸಣ್ಣ ಉಪಕರಣವೊಂದನ್ನು ಕೂಡಿಸಿದ್ದರಂತೆ. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಮೂಳೆಗೇ ಬೆಸೆದುಕೊಂಡು ಕೈಗೆ ಬರಲಿಲ್ಲವಂತೆ. ಅದೇ ಗುಣವನ್ನು ನೆಚ್ಚಿ 1965ರಲ್ಲಿ ಅವರು ಮನುಷ್ಯನ ದವಡೆಗೆ ತಿರುಪು ಹಾಕಿದರು. ಕಥೆ ಚೆನ್ನಾಗಿತ್ತು, ಆದರೆ ನನಗೆ ಮೊಲದ್ದೇ ಚಿಂತೆಯಾಯಿತು.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಹಲ್ಲು ಕೀಳುವುದಕ್ಕಿಂತ ಇದು ಹಗುರವೆಂದು ವೈದ್ಯರು ಹೇಳಿದ್ದು ನಿಜವೇ ಆಯಿತು. ಮರಗಟ್ಟುವ ಚುಚ್ಚುಮದ್ದು ಕೊಟ್ಟ ಮೇಲೆ ನೋವಿರಲಿಲ್ಲ. ಇದ್ದದ್ದು ತಲೆಬುರುಡೆಯೊಳಗೇ ಬಡಗಿಯೊಬ್ಬ ಕುಳಿತು ಬೈರಿಗೆ ಆಡಿಸಿದಂಥ ಅದುರು ಮತ್ತು ಬಾಯಿ ತುಂಬ ನೀರು. ಮೂಳೆ 47 ಡಿಗ್ರಿಗಿಂತ ಬಿಸಿಯಾದರೆ ಸತ್ತು ತಿರುಪಿಗೆ ಅಂಟಿಕೊಳ್ಳುವುದಿಲ್ಲವಂತೆ, ಅದಕ್ಕಾಗಿ ಕೊರೆಯುವಷ್ಟು ಹೊತ್ತೂ ತಣ್ಣನೆಯ ಸಲೈನ್ ಸುರಿಸುತ್ತಾರೆ. ಕೊನೆಗೆ ತಿರುಪನ್ನು ಬಿಗಿಮಾಡುವಾಗ, ಹಳೆಯ ಅಲಾರಂ ಗಡಿಯಾರಕ್ಕೆ ಕೀ ಕೊಟ್ಟಂತೆ ಕಿರಕಿರನೆ ಸದ್ದು ಬಂತು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮುಗಿದು, ಗಾಯದ ಮೇಲೆ ಬಟ್ಟೆಯ ಉಂಡೆಯೊಂದನ್ನಿಟ್ಟು, ಇದನ್ನು ಮುಕ್ಕಾಲು ಗಂಟೆ ಮೆಲ್ಲಗೆ ಕಚ್ಚಿ ಹಿಡಿದಿರಿ, ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಗಾಯ ಮಾಯುವುದಿಲ್ಲ ಎಂದು ಹೇಳಿ ಕಳಿಸಿದರು.

ನನ್ನ ಹೆಂಡತಿ ಔಷಧಿ ಅಂಗಡಿಯಲ್ಲಿದ್ದಾಗ ಆಟೋ ನಿಲ್ಲಿಸುವ ಹೊಣೆ ನನ್ನ ಮೇಲೆ ಬಿತ್ತು. ಕುವೆಂಪುನಗರ ಎನ್ನಬೇಕಿತ್ತು. ಕೆಳತುಟಿಯ ಎಡಭಾಗ ನನ್ನದೆನ್ನಿಸುತ್ತಿರಲಿಲ್ಲ, ತುಟಿ ಸೇರದೆ ಪಕಾರ ಹುಟ್ಟುವುದಿಲ್ಲ. ಬಾಯಿಂದ ಹೊರಟಿದ್ದು ‘ಕುವೆಂಹುನಗರ’. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು ಎಂದು ಶಾಲೆಯಲ್ಲಿ ಓದಿದ್ದೆ. ಭಾಷೆ ಶತಮಾನಗಳನ್ನು ತೆಗೆದುಕೊಂಡು ಮಾಡಿದ ಆ ಕೆಲಸವನ್ನು ಒಂದು ಸಿರಿಂಜು ಹತ್ತು ನಿಮಿಷದಲ್ಲಿ ಮಾಡಿ ಮುಗಿಸಿತ್ತು. ಆಟೋದವರು ನನ್ನ ತೊದಲನ್ನೂ, ತುಟಿಯಂಚಿನಿಂದ ಇಳಿಯುತ್ತಿದ್ದ ಕೆಂಪು ಜೊಲ್ಲನ್ನೂ ನೋಡಿ, ಕೈಗಡಿಯಾರವನ್ನೂ ನೋಡಿಕೊಂಡು, ‘ಬೆಳಬೆಳಗ್ಗೇನೇನಾ ಸಾರ್?’ ಎಂದು ಕೇಳಿ ಹೊರಟುಹೋದರು.

ಮನೆಗೆ ಬಂದ ಮೇಲೆ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಮರಗಟ್ಟಿದ್ದು ಬಿಡುವ ಮೊದಲೇ ನೋವಿನ ಮಾತ್ರೆ ನುಂಗಬೇಕೆಂದು ವೈದ್ಯರು ಎರಡು ಸಲ ಹೇಳಿದ್ದರು. ನೋವೇ ಇಲ್ಲದಿರುವಾಗ ನೋವಿನ ಮಾತ್ರೆಯೇಕೆ, ಬಂದಾಗ ನೋಡಿಕೊಂಡರಾಯಿತು ಎಂಬುದು ನನ್ನ ವಾದವಾಗಿತ್ತು. ಸಂಜೆ ನಾಲ್ಕಕ್ಕೆ ತುಟಿ ಜುಮುಗುಟ್ಟಿ ನನ್ನದಾಗತೊಡಗಿತು, ನಾಲ್ಕೂವರೆಗೆ ದವಡೆ ನನ್ನದಾಯಿತು, ಐದಕ್ಕೆ ಎಡಗಿವಿ, ಕುತ್ತಿಗೆ ಮತ್ತು ಕಣ್ಣಿನ ಹಿಂದಿನ ಯಾವುದೋ ಜಾಗ ಎಲ್ಲವೂ ನನ್ನವೇ ಆದವು. ಆಗ ನುಂಗಿದ ಮಾತ್ರೆ ಕೆಲಸ ಶುರುಮಾಡಲು ಮುಕ್ಕಾಲು ಗಂಟೆ ತೆಗೆದುಕೊಂಡಿತು. ಆ ಹೊತ್ತಿನಲ್ಲಿ ಫೋನು ಮಾಡಿದ ನನ್ನ ಷಡ್ಡಕರು, ‘ಹಲ್ಲು ಕಚ್ಚಿ ಸಹಿಸ್ಕೊಂಡುಬಿಡಿ’ ಎಂದು ಧೈರ್ಯ ಹೇಳಿದರು. ಸೂಚನೆಗಳ ಹಾಳೆಯಲ್ಲಿ ನಾಲ್ಕನೆಯದು, ಹಲ್ಲು ಕಚ್ಚಬಾರದು ಎಂದೇ ಇದೆ.

ಇನ್ನು ಐಸಿನ ವಿಷಯ. ಮೊದಲ ಎರಡು ದಿನ ಕೆನ್ನೆಯ ಹೊರಗೆ ಇಪ್ಪತ್ತು ನಿಮಿಷ ಐಸ್ ಪ್ಯಾಕ್ ಇಟ್ಟು ಇಪ್ಪತ್ತು ನಿಮಿಷ ಬಿಡಬೇಕು, ಅದರಿಂದ ಊತ ಹಿಡಿತದಲ್ಲಿರುತ್ತದೆ ಎಂದಿದ್ದರು. ನಮ್ಮ ಮನೆಯಲ್ಲಿ ಐಸ್ ಪ್ಯಾಕ್ ಇರಲಿಲ್ಲ. ಫ್ರೀಜರಿನಲ್ಲಿದ್ದದ್ದು ಎರಡು ಪ್ಯಾಕೆಟ್ ಹಿತಕಿದ ಅವರೆಬೇಳೆ.

ಈ ಬೇಳೆಯ ಬೆಲೆ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಜನವರಿಯಲ್ಲಿ ಸೊಗಡಿರುವ ಅವರೆಕಾಯಿಯನ್ನು ಮೂಸಿ ನೋಡಿ ಆರಿಸಿ ತಂದು, ಬಿಡಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಮರುದಿನ ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಒತ್ತಿ ಸಿಪ್ಪೆಯಿಂದ ಚಿಮ್ಮಿಸಿ ಮಾಡಿದ ಬೇಳೆ ಅದು. ಧಾರಾವಾಹಿ ನೋಡುತ್ತ ಅತ್ತೆಯವರು ಒಂದು ವಾರ ಹಿತಕಿದ್ದರು. ಅವರ ಹೆಬ್ಬೆರಳ ತುದಿ ಸುಕ್ಕುಗಟ್ಟಿ ಬೆಳ್ಳಗಾಗಿದ್ದು ನನಗಿನ್ನೂ ನೆನಪಿದೆ. ಅವರ ಲೆಕ್ಕದಲ್ಲಿ ಅವು ಉಳಿದ ಕೊನೆಯ ಎರಡು ಪ್ಯಾಕೆಟ್‌ಗಳು. ನವೆಂಬರಿನವರೆಗೆ ಮತ್ತೆ ಅವರೆಕಾಯಿಯ ಮುಖ ನೋಡುವಂತಿಲ್ಲ. ಅವುಗಳಲ್ಲೊಂದನ್ನು ನನ್ನ ಹೆಂಡತಿ ತೆಳುಬಟ್ಟೆಯಲ್ಲಿ ಸುತ್ತಿ ನನ್ನ ಕೆನ್ನೆಗಿಟ್ಟಾಗ ಅತ್ತೆಯವರು ಏನೂ ಹೇಳಲಿಲ್ಲ. ಎದುರಿನ ಕುರ್ಚಿ ಎಳೆದುಕೊಂಡು ಗಡಿಯಾರ ಕಾಣುವಂತೆ ಕುಳಿತರು.

ಇಪ್ಪತ್ತನೆಯ ನಿಮಿಷಕ್ಕೆ ಎದ್ದು ಪ್ಯಾಕೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡು, ಹೆಬ್ಬೆರಳಿನಿಂದ ಒತ್ತಿ ನೋಡಿ, ಫ್ರೀಜರಿಗೆ ಹಾಕಿದರು. ಮತ್ತೆ ಇಪ್ಪತ್ತು ನಿಮಿಷವಾದ ಮೇಲೆ ಎರಡನೆಯ ಪ್ಯಾಕೆಟ್ ಬಂತು. ಯಾವ ದೊಡ್ಡ ಆಸ್ಪತ್ರೆಯ ನರ್ಸಿನಿಂದಲೂ ಇಷ್ಟು ಕರಾರುವಾಕ್ಕಾದ ಸೇವೆ ನನಗೆ ಸಿಕ್ಕಿರಲಿಲ್ಲ. ಅಳಿಯನೆಂಬ ಅಕ್ಕರೆಗೆ ಕಣ್ಣು ತೇವವಾಗುವುದರಲ್ಲಿತ್ತು. ಅಷ್ಟರಲ್ಲಿ ನಾನು ತೂಕಡಿಸಿ ಪ್ಯಾಕೆಟ್ ತೊಡೆಯ ಮೇಲೆ ಜಾರಿತು. ಅವರು ಓಡಿ ಬಂದು ಅದನ್ನು ಎತ್ತಿಕೊಂಡು, ‘ಅಳಿಯಂದಿರೇ, ಕೆನ್ನೆ ಮೇಲಿದ್ರೆ ಒಂದು ಲೆಕ್ಕ, ಸುಮ್ನೆ ತೊಡೆ ಮೇಲೆ ಕರಗಿಸಿದ್ರೆ ಹೇಗೆ?’ ಎಂದರು. ಅವರ ಕಣ್ಣಿದ್ದದ್ದು ಬೇಳೆಯ ಮೇಲೆ ಎಂಬುದು ಆಗ ತಿಳಿಯಿತು. ಇಪ್ಪತ್ತು ನಿಮಿಷದ ಮೇಲೆ ಇಟ್ಟರೆ ನನ್ನ ಚರ್ಮಕ್ಕೆ ಕೆಡುಕು ಎಂಬುದು ವೈದ್ಯರ ನಿಯಮ. ಬೇಳೆಗೆ ಕೆಡುಕು ಎಂಬುದು ಅತ್ತೆಯವರದು. ಎರಡೂ ಒಂದೇ ಅಂಕಿಗೆ ಬಂದು ನಿಂತಿದ್ದರಿಂದ ನಾನು ದೂರುವಂತಿರಲಿಲ್ಲ.

ಸಂಜೆ ನನ್ನನ್ನು ನೋಡಲು ಬಂದ ಮೇಲಿನ ಮನೆಯವರು, ‘ಹೇಗಿದೆ ಈಗ?’ ಎಂದು ಕೇಳಿದರು. ನನ್ನ ಬಾಯಿ ತೆರೆಯುವಂತಿರಲಿಲ್ಲ. ಪರವಾಗಿ ಅತ್ತೆಯವರೇ ಉತ್ತರ ಕೊಟ್ಟರು: ‘ದೊಡ್ಡದು ಸ್ವಲ್ಪ ಮೆತ್ತಗಾಗಿದೆ, ಚಿಕ್ಕದು ಗಟ್ಟಿಯಾಗೇ ಇದೆ.’ ಬಂದವರು ಗಾಬರಿಯಿಂದ ನನ್ನ ಎರಡು ಕೆನ್ನೆಗಳನ್ನೂ ನೋಡಿದರು. ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರಿಸಿ ಮಲಗಿದ್ದವನಿಗೆ ಎಚ್ಚರವಾದಾಗ, ಅಡುಗೆಮನೆಯಲ್ಲಿ ಫ್ರಿಜ್ಜಿನ ದೀಪದ ಮುಂದೆ ನಿಂತು ಅವರು ಒಂದೊಂದೇ ಪ್ಯಾಕೆಟ್ಟನ್ನು ಒತ್ತಿ ನೋಡುತ್ತಿದ್ದರು. ನನಗೆ ಸೊಗಡಿನ ವಾಸನೆಯ ಕನಸು ಬೀಳುತ್ತಿತ್ತೆಂದು ನಾನೂ ಹೇಳಲಿಲ್ಲ.

ಇಪ್ಪತ್ನಾಲ್ಕು ಗಂಟೆ ಕಳೆದ ಮೇಲೆ ಉಪ್ಪುನೀರಿನ ಅಪ್ಪಣೆ ಸಿಕ್ಕಿತು: ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಊಟವಾದ ಮೇಲೆಲ್ಲ. ಅದನ್ನು ಗಲಗಲ ಮುಕ್ಕಳಿಸಬಾರದು, ಬಾಯಲ್ಲಿಟ್ಟುಕೊಂಡು ತಲೆಯನ್ನು ಅತ್ತಿತ್ತ ವಾಲಿಸಿ, ಬಚ್ಚಲಿನ ಮೇಲೆ ಬಗ್ಗಿ ತಾನಾಗಿಯೇ ಸುರಿಯಲು ಬಿಡಬೇಕು. ದಿನಕ್ಕೆ ನಾಲ್ಕು ಸಲ ಕೋಲೆಬಸವನಂತೆ ತಲೆಯಾಡಿಸಿದ ಮನುಷ್ಯನ ಮಾತಿಗೆ ಮನೆಯಲ್ಲಿ ತೂಕ ಉಳಿಯುವುದಿಲ್ಲ. ಊಟವೆಂದರೆ ರಾಗಿ ಅಂಬಲಿ, ಹಾಲಿನಲ್ಲಿ ನೆನೆಸಿದ ಇಡ್ಲಿ ಮತ್ತು ಒಗ್ಗರಣೆಯಿಲ್ಲದ ಮೊಸರನ್ನ, ಏಕೆಂದರೆ ಒಂದು ಸಾಸಿವೆ ಕಾಳು ಹೊಲಿಗೆಯ ಸಂದಿಗೆ ಹೋಗಿ ಕುಳಿತರೆ ಕೆಲಸ ಕೆಟ್ಟಿತು. ಇದರ ಜೊತೆಗೆ ಬೆಳಗ್ಗೆ ರಾತ್ರಿ ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ದ್ರವ. ಅದು ಕ್ರಿಮಿಗಳ ಜೊತೆ ನಾಲಿಗೆಯ ರುಚಿಯನ್ನೂ ತೊಳೆದುಬಿಡುತ್ತದೆ, ಮೇಲೆ ಕಾಫಿ ಕುಡಿದರೆ ಹಲ್ಲಿಗೆ ಕಂದು ಕಲೆ ಬೇರೆ. ತಣ್ಣಗಿನ, ರುಚಿಯಿಲ್ಲದ, ಕಲೆ ಕಟ್ಟುವ ಕಾಫಿಗಾಗಿ ನಾನು ಅತ್ತೆಯವರೊಡನೆ ಜಗಳವಾಡುತ್ತಿದ್ದೇನೆ ಎಂಬುದು ನನಗೂ ಗೊತ್ತು.

ಮೂರನೆಯ ದಿನ ಊತ ಅತಿ ಹೆಚ್ಚಾಗಿರುತ್ತದೆಂದು ಮೊದಲೇ ಹೇಳಿದ್ದರೂ ಕನ್ನಡಿಯಲ್ಲಿ ಕಂಡ ಮುಖಕ್ಕೆ ನಾನು ಸಿದ್ಧನಿರಲಿಲ್ಲ. ಬಲಗಡೆಯಿಂದ ನಾನು, ಎಡಗಡೆಯಿಂದ ನನ್ನ ಅಪ್ಪ. ವಯಸ್ಸಾದ ಮೇಲೆ ಅವರ ಕೆನ್ನೆ ಹೀಗೆಯೇ ಇಳಿಬಿದ್ದಿತ್ತು. ಅವರು ಅರವತ್ತಕ್ಕೆ ಮೊದಲೇ ಉಳಿದ ಹಲ್ಲುಗಳನ್ನೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಮೂರು ಕಂತಿನಲ್ಲಿ ಕೀಳಿಸಿಕೊಂಡು, ಪ್ರತಿ ಸಲವೂ ಬಾಯಿಗೆ ಕರ್ಚೀಫು ಒತ್ತಿಕೊಂಡು ಒಬ್ಬರೇ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಬಂದವರು ಅಂಗಳದ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಒಳಗೆ ಬರುತ್ತಿದ್ದರು. ಸಂಕ್ರಾಂತಿಯ ಸಕ್ಕರೆ ಗಿಣಿಯನ್ನು ಹಲ್ಲಿನ ಸೆಟ್ಟು ತೆಗೆದಿಟ್ಟ ಬರಿಯ ವಸಡಿನಲ್ಲಿ ಸಂಜೆಯಿಂದ ರಾತ್ರಿಯ ವಾರ್ತೆಯವರೆಗೆ ಚೀಪುತ್ತಿದ್ದಾಗ ನಾವು ಮಕ್ಕಳು, ಗಿಣಿ ಈಗ ಎಲ್ಲಿಯವರೆಗೆ ಕರಗಿದೆ ಎಂದು ತಮಾಷೆ ಮಾಡುತ್ತಿದ್ದೆವು. ಅಂಗಳದ ಕಲ್ಲಿನ ಮೇಲೆ ಏಕೆ ಕುಳಿತುಕೊಳ್ಳುತ್ತಿದ್ದರೆಂದು ನಾನು ಕೇಳಿದವನಲ್ಲ.

ಅದೇ ದಿನ ಐಸಿನ ಅವಧಿ ಮುಗಿದು ಬೆಚ್ಚನೆಯ ಶಾಖ ಶುರುವಾಯಿತು. ಎರಡು ದಿನ ಕರಗಿ ಗಟ್ಟಿಯಾಗಿ ಸೋತ ಬೇಳೆಯನ್ನು ಕೊನೆಯ ಬಾರಿಗೆ ಒತ್ತಿ ನೋಡಿದ ಅತ್ತೆಯವರು, ‘ಇನ್ನಿದು ತಡೆಯಲ್ಲ’ ಎಂದು ನಿಟ್ಟುಸಿರುಬಿಟ್ಟು ಸಾರಿಗಿಟ್ಟರು. ಮನೆಯೆಲ್ಲ ಘಮಘಮಿಸಿತು. ಎಲ್ಲರಿಗೂ ಬಿಸಿ ಅಕ್ಕಿರೊಟ್ಟಿಯ ಜೊತೆ ಬಡಿಸಿ, ನನ್ನ ಪಾಲಿನದನ್ನು ಖಾರ ಹಾಕುವ ಮೊದಲೇ ತೆಗೆದಿಟ್ಟು ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಆರಿಸಿ, ಚಮಚದೊಡನೆ ಬಟ್ಟಲಲ್ಲಿ ಕೊಟ್ಟರು. ಎರಡು ದಿನ ನನ್ನ ಕೆನ್ನೆಗೆ ಒರಗಿದ್ದ ಬೇಳೆ ಯಾವುದರ ರುಚಿಯೂ ಇಲ್ಲದೆ ಗಂಟಲಲ್ಲಿ ಇಳಿಯಿತು. ಪಕ್ಕದಲ್ಲಿ ರೊಟ್ಟಿಯನ್ನು ಕರಕರನೆ ಮುರಿಯುತ್ತಿದ್ದ ನನ್ನ ಮಗ, ಬೇಳೆ ಸ್ವಲ್ಪ ಮೆತ್ತಗಾಗಿದೆ ಎಂದು ದೂರಿದ. ಅತ್ತೆಯವರು ನನ್ನ ಕಡೆ ನೋಡಿದರು.

ನಾಡಿದ್ದು ಹೊಲಿಗೆ ಬಿಚ್ಚುತ್ತಾರೆ. ಮೂಳೆ ತಿರುಪಿಗೆ ಬೆಸೆದುಕೊಳ್ಳಲು ಮೂರು ತಿಂಗಳು ಬೇಕಂತೆ. ಆಮೇಲೆ ವಸಡನ್ನು ಸ್ವಲ್ಪ ಕೊಯ್ದು ತಿರುಪಿನ ತಲೆಗೆ ಇನ್ನೊಂದು ಮುಚ್ಚಳ ಹಾಕಿ, ಅದು ಮಾಯ್ದ ಮೇಲೆ ಹಲ್ಲು ಕೂಡಿಸುತ್ತಾರೆ. ಇದನ್ನು ಇವತ್ತು ಬೆಳಗ್ಗೆ ಮನೆಯಲ್ಲಿ ವಿವರಿಸಿದೆ. ಅತ್ತೆಯವರು ಬೆರಳು ಮಡಚಿ ತಿಂಗಳುಗಳನ್ನು ಎಣಿಸಿ, ‘ಅಂದ್ರೆ ಸೆಪ್ಟೆಂಬರು’ ಎಂದರು. ನಂತರ ಕಾಫಿಯ ಲೋಟವನ್ನು ಮುಟ್ಟಿ ನೋಡಿ, ನನ್ನ ಕಡೆಗೆ ಅರ್ಧದಷ್ಟು ಸರಿಸಿ, ಮಗಳಿಗೆ ಹೇಳಿದರು: ‘ಆಗ ಒಂದು ಪ್ಯಾಕೆಟ್ ಬಟಾಣಿ ತಂದಿಡು.’