ಅಂಬಾರಿಗೂ ಲೈಸೆನ್ಸು

ನಮ್ಮ ಮನೆ ಬಾಗಿಲಿನ ಕಿಂಡಿಯಿಂದ ಒಳಗೆ ಬೀಳುವ ಕಾಗದಗಳಲ್ಲಿ ಒಂದರ ಮೇಲೆ ಮಾತ್ರ ನಮ್ಮ ಹೆಸರಿರುವುದಿಲ್ಲ. ‘ಲೀಗಲ್ ಆಕ್ಯುಪೈಯರ್’ ಎಂದಿರುತ್ತದೆ. ಈ ಮನೆಯಲ್ಲಿ ಕಾನೂನು ಪ್ರಕಾರ ಯಾರಿದ್ದೀರೋ ಅವರಿಗೆ, ಅಂತ. ಟಿವಿ ಲೈಸೆನ್ಸಿನ ಕಾಗದ ಅದು. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹೊಸ ಮನೆ ಹಿಡಿದ ಮೇಲೆ ಇಂಥವು ಮೂರು ಬಂದಿದ್ದವು. ಮೊದಲನೆಯದು ನೆನಪಿಸಿತು, ಎರಡನೆಯದು ಎಚ್ಚರಿಸಿತು. ಮೂರನೆಯದರಲ್ಲಿ ಕೆಂಪು ಅಕ್ಷರ ಜಾಸ್ತಿ ಇತ್ತು.

ಅದು 2025. ಅಮ್ಮ ಮೈಸೂರಿನಿಂದ ಬಂದಿದ್ದರು. ಕೆಂಪು ಅಕ್ಷರ ನೋಡಿ ಗಾಬರಿಯಾದರು.

“ಏನೋ ಇದು? ಕೋರ್ಟಿಂದ ಬಂದಿದ್ಯಾ?”

“ಇಲ್ಲಮ್ಮ, ಟಿವಿ ನೋಡೋಕೆ ಇಲ್ಲಿ ಲೈಸೆನ್ಸು ಬೇಕು. ವರ್ಷಕ್ಕೆ 174 ಪೌಂಡ್ 50 ಪೆನ್ಸ್.”

ಅಮ್ಮನಿಗೆ ಪೌಂಡು ಅಂದರೆ ಅರ್ಥವಾಗುವುದು ರೂಪಾಯಿಯಾದ ಮೇಲೆಯೇ. 20,000 ದಾಟುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಪ್ಪ 15 ರೂಪಾಯಿ ಕಟ್ತಿದ್ರು” ಅಂದರು.

ಅದು ನನಗೂ ನೆನಪಿದೆ. ನಮ್ಮಲ್ಲಿ ರೇಡಿಯೋಗೆ ಲೈಸೆನ್ಸು ಇತ್ತಲ್ಲ. ಅಪ್ಪ ಬೀರುವಿನಿಂದ ಒಂದು ಚಿಕ್ಕ ಪುಸ್ತಕ ತೆಗೆದುಕೊಂಡು ಪೋಸ್ಟಾಫೀಸಿಗೆ ಹೋಗುತ್ತಿದ್ದರು, ಬಾಲದ ಹಾಗೆ ನಾನೂ. ಗುಮಾಸ್ತರು ಅದರೊಳಗೆ ಸ್ಟಾಂಪು ಅಂಟಿಸಿ, ಮೇಜು ಅದುರುವ ಹಾಗೆ ಮುದ್ರೆ ಒತ್ತುತ್ತಿದ್ದರು. ಅಷ್ಟಾದರೆ ಇನ್ನೊಂದು ವರ್ಷ ವಾರ್ತೆ, ಚಿತ್ರಗೀತೆ ಎಲ್ಲ ನಮ್ಮದು. ವಠಾರದಲ್ಲಿ ಎಲ್ಲರೂ ಅಪ್ಪನ ಹಾಗೆ ಇರಲಿಲ್ಲ. “ಇನ್ಸ್‌ಪೆಕ್ಟರ್ ಬರ್ತಾನಂತೆ” ಅಂತ ಯಾರಾದರೂ ಅಂದರೆ ಸಾಕು, ಪಕ್ಕದ ಮನೆಯ ರೇಡಿಯೋ ಕಂಬಳಿ ಹೊದ್ದು ಮಂಚದ ಕೆಳಗೆ ಮಲಗುತ್ತಿತ್ತು. ಒಮ್ಮೆ ಅವಸರದಲ್ಲಿ ಆಫ್ ಮಾಡುವುದನ್ನೇ ಮರೆತು, ಮಂಚದ ಕೆಳಗಿನಿಂದ ಕೃಷಿರಂಗ ಕೇಳಿಸಿತ್ತು ಅಂತ ಅಮ್ಮ ಈಗಲೂ ಹೇಳಿ ನಗುತ್ತಾರೆ. 1980ರ ದಶಕದಲ್ಲಿ ಸರ್ಕಾರ ಆ ಪದ್ಧತಿಯನ್ನೇ ಕೈಬಿಟ್ಟಿತು.

ಇಲ್ಲಿ ಇನ್ನೂ ಬಿಟ್ಟಿಲ್ಲ. 1922ರಲ್ಲಿ ರೇಡಿಯೋಗೆ 10 ಶಿಲಿಂಗ್ ಅಂತ ಶುರುವಾಯಿತು. 1946ರಲ್ಲಿ ಟಿವಿಗೆ 2 ಪೌಂಡ್. ರೇಡಿಯೋದ್ದು 1971ರಲ್ಲಿ ನಿಂತಿತು, ಟಿವಿಯದು ಉಳಿಯಿತು. ಬಿಬಿಸಿಯಲ್ಲಿ ಇಲ್ಲಿ ಜಾಹೀರಾತು ಇಲ್ಲವಲ್ಲ, ಅದರ ಮನೆ ಖರ್ಚು ಬಹುಪಾಲು ಈ ದುಡ್ಡಿನಲ್ಲೇ ನಡೆಯಬೇಕು. 1952ರಿಂದ ತಲೆಯ ಮೇಲೆ ಆಂಟೆನಾ ಹೊತ್ತ ವ್ಯಾನುಗಳು ಬೀದಿ ಸುತ್ತುತ್ತಿದ್ದವು, ಯಾರ ಮನೆಯಲ್ಲಿ ಕದ್ದು ಟಿವಿ ನೋಡುತ್ತಿದ್ದಾರೆ ಅಂತ ಕಂಡುಹಿಡಿಯಲು. ಆ ವ್ಯಾನನ್ನು ನಾನಂತೂ ಕಂಡಿಲ್ಲ. ಈಗ ಮನುಷ್ಯರೇ ಬಾಗಿಲು ತಟ್ಟುತ್ತಾರೆ. ಕೋರ್ಟಿನ ವಾರಂಟ್ ಇಲ್ಲದಿದ್ದರೆ ಅವರನ್ನು ಒಳಗೆ ಬಿಡಲೇಬೇಕು ಅಂತೇನಿಲ್ಲ. ಆದರೆ ತಪ್ಪು ಸಾಬೀತಾದರೆ 1,000 ಪೌಂಡ್‌ವರೆಗೆ ದಂಡ.

“ನಂಗೆ 76 ಆಯ್ತು. ವಯಸ್ಸಾದೋರಿಗೆ ರಿಯಾಯಿತಿ ಇಲ್ವಾ?”

75 ದಾಟಿದವರಿಗೆಲ್ಲ ಪುಕ್ಕಟೆ ಅಂತ ಇತ್ತು, 2020ರ ಆಗಸ್ಟ್‌ನಲ್ಲಿ ಅದು ಹೋಯಿತು. ಈಗ ಅವರಲ್ಲಿ ಪೆನ್ಷನ್ ಕ್ರೆಡಿಟ್ ಅನ್ನುವ ಸರ್ಕಾರಿ ನೆರವು ಪಡೆಯುವ ಬಡ ಹಿರಿಯರಿಗೆ ಮಾತ್ರ. ಕಣ್ಣು ಕಾಣದವರಿಗೆ ಅರ್ಧ ದುಡ್ಡು ಅಂದೆ. “ಕಾಣ್ದೇ ಇರೋದಕ್ಕೂ ಅರ್ಧ ತಗೋತಾರಾ!” ಅಂದರು. ಕಪ್ಪು-ಬಿಳುಪು ಟಿವಿಗೆ 58 ಪೌಂಡ್ 50 ಪೆನ್ಸ್ ಅಂತ ಇನ್ನೂ ಒಂದು ದರ ಇದೆ ಎಂದಾಗ ಅಮ್ಮನ ಮುಖ ಅರಳಿತು. ಮರುಗಳಿಗೆಯಲ್ಲೇ ಬಾಡಿತು. “ಬೇಡ. ಚಿನ್ನದ ಅಂಬಾರಿ ತಗಡಿನ ಥರ ಕಾಣುತ್ತೆ.”

ಆಗಲೇ ನನಗೆ ಗೊತ್ತಾಗಿದ್ದು, ಅವರ ತಲೆಯಲ್ಲಿ ಓಡುತ್ತಿದ್ದುದು ದಸರಾ ಅಂತ.

ಇಲ್ಲಿನ ಕಾನೂನಿನ ತಮಾಷೆ ಇರುವುದೂ ಅಲ್ಲಿಯೇ. ಮನೆಯಲ್ಲಿ ಟಿವಿ ಇದ್ದ ಮಾತ್ರಕ್ಕೆ ಲೈಸೆನ್ಸು ಬೇಕಿಲ್ಲ. ಅದರಲ್ಲಿ ನೆಟ್‌ಫ್ಲಿಕ್ಸ್‌ನ ಸಿನಿಮಾ ನೋಡಿ, ಯೂಟ್ಯೂಬಿನಲ್ಲಿ ಹಳೇ ನಾಟಕ ನೋಡಿ, ಯಾರೂ ಕೇಳುವುದಿಲ್ಲ. ಬಿಬಿಸಿ ರೇಡಿಯೋ ಕೇಳಿದರೂ ಕೇಳುವುದಿಲ್ಲ. ಆದರೆ ಯಾವುದೇ ಚಾನೆಲನ್ನು ಅದು ಪ್ರಸಾರವಾಗುತ್ತಿರುವ ಹೊತ್ತಿನಲ್ಲೇ ನೋಡಿದಿರೋ, ಬೇಕು. ಫೋನಿನಲ್ಲಿ ನೋಡಿದರೂ ಬೇಕು. ಹೊರದೇಶದ ಚಾನೆಲ್ ಆದರೂ ಬೇಕು. ಬಿಬಿಸಿಯ ಸ್ವಂತ ಆ್ಯಪ್ ಐಪ್ಲೇಯರ್ ಆದರಂತೂ ಮುಗಿದುಹೋದ ಕಾರ್ಯಕ್ರಮಕ್ಕೂ ಬೇಕು, 2016ರಿಂದ.

ಅಂದರೆ ಚಂದನದಲ್ಲಿ ಜಂಬೂಸವಾರಿಯನ್ನು ನೇರವಾಗಿ ನೋಡಿದರೆ ಲೈಸೆನ್ಸು ಬೇಕು. ಅದೇ ಆನೆ, ಅದೇ 750 ಕಿಲೋ ಅಂಬಾರಿ, ಅದೇ ಚಾಮುಂಡಿ, ಎಲ್ಲ ಮುಗಿದ ಮೇಲೆ ಯೂಟ್ಯೂಬಿನಲ್ಲಿ ನೋಡಿದರೆ ಬೇಡ. ದುಡ್ಡು ಪೆಟ್ಟಿಗೆಗೂ ಅಲ್ಲ, ಆನೆಗೂ ಅಲ್ಲ. ‘ಈಗ’ ಅನ್ನುವುದಕ್ಕೆ.

“ಎರಡು ಗಂಟೆ ಬಿಟ್ಟು ನೋಡಿದ್ರಾಯ್ತಲ್ಲಮ್ಮ. ಅದೇ ಮೆರವಣಿಗೆ ತಾನೆ?”

“ಮಂಗಳಾರತಿ ಆಗೋವಾಗ ಕೈ ಮುಗೀಬೇಕೋ, ಎರಡು ಗಂಟೆ ಬಿಟ್ಟು ಮುಗೀಬೇಕೋ?”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಕ್ರಿಕೆಟ್ ನೋಡುವುದಿಲ್ಲ, ಇಲ್ಲದಿದ್ದರೆ ಸ್ಕೋರು ಗೊತ್ತಾದ ಮೇಲೆ ಮ್ಯಾಚು ನೋಡುವ ಕಷ್ಟವನ್ನೂ ಸೇರಿಸುತ್ತಿದ್ದರು. ನನ್ನ ಹೆಂಡತಿ ಅಡುಗೆಮನೆಯಿಂದಲೇ, “ಒಂದು ದಿನ ನೋಡಿದ್ರೆ ಯಾರಿಗೆ ಗೊತ್ತಾಗುತ್ತೆ?” ಅಂದಳು. ನನಗೆ ಮಂಚದ ಕೆಳಗಿನ ಕೃಷಿರಂಗ ನೆನಪಾಯಿತು. ಹಾಗೂ ಪುಸ್ತಕ ಹಿಡಿದು ಕ್ಯೂನಲ್ಲಿ ನಿಂತ ಅಪ್ಪ. ಬೇಡ ಅಂದೆ.

ವಿಜಯದಶಮಿ ಬಂತು. ಮೈಸೂರಿನಲ್ಲಿ ಸಂಜೆ ನಾಲ್ಕೂವರೆ ಅಂದರೆ ನಮಗೆ ಮಟಮಟ ಮಧ್ಯಾಹ್ನ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಮ್ಮ ರೇಷ್ಮೆ ಸೀರೆ ಉಟ್ಟು, ಆಫಾಗಿದ್ದ ಟಿವಿಯ ಮುಂದೆ ಕೂತಿದ್ದರು. ಅದಕ್ಕಿಂತ ದೊಡ್ಡ ಬೈಗುಳ ಇದೆಯಾ?

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಸರಸ್ವತಿಪುರಂನಿಂದ ಚಿಕ್ಕಮ್ಮನ ವಿಡಿಯೋ ಕಾಲ್. ಮೊದಲು ಅವರ ಗಲ್ಲ ಕಂಡಿತು. ಆಮೇಲೆ ಸೂರಿನ ಫ್ಯಾನು. “ಅಕ್ಕಾ, ತಡಿ, ತೋರಿಸ್ತೀನಿ” ಅನ್ನುತ್ತ ಫೋನನ್ನು ತಮ್ಮ ಟಿವಿಯ ಕಡೆ ತಿರುಗಿಸಿದರು. ತಮ್ಮೂರಿನದೇ ಮೆರವಣಿಗೆಗೆ ಜನಜಂಗುಳಿ ಅಂತ ಹೋಗದೆ ಅವರೂ ಟಿವಿಯಲ್ಲೇ ನೋಡುತ್ತಿದ್ದರು. ಆ ಟಿವಿಯ ಗಾಜಿನಲ್ಲಿ ಕಿಟಕಿಯ ಬೆಳಕು ಬಿದ್ದು, ಅಂಬಾರಿ ಇರಬೇಕಾದ ಕಡೆ ಬೆಳ್ಳಗೆ ಒಂದು ಚೌಕ ಹೊಳೆಯುತ್ತಿತ್ತು. ಅಮ್ಮ ಆ ಚೌಕಕ್ಕೇ ಕೈ ಮುಗಿದರು.

ಈ ಥರ ನೋಡುವುದಕ್ಕೆ ಲೈಸೆನ್ಸು ಬೇಕಾ ಅಂತ ಯಾರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ.

21 ಕುಶಾಲತೋಪುಗಳಲ್ಲಿ ಏಳೆಂಟು ಕೇಳಿಸಿದವು. ಚಿಕ್ಕಮ್ಮನಿಗೆ ಕೈ ನೋವು ಬಂದು ಫೋನು ಜಾರಿತು, ಮತ್ತೆ ಫ್ಯಾನು ಬಂತು, ಆನೆಯ ಸೊಂಡಿಲು ಅರ್ಧ ಬಂದು ಹಾಗೇ ನಿಂತುಬಿಟ್ಟಿತು. ನೆಟ್‌ವರ್ಕ್ ಹೋಗಿತ್ತು. ಅಮ್ಮ ಆ ಅರ್ಧ ಸೊಂಡಿಲನ್ನು ನೋಡುತ್ತಾ ಸ್ವಲ್ಪ ಹೊತ್ತು ಕಾದರು. ಫೋನು ಕೆಳಗಿಟ್ಟರು.

“ಆ ಕೆಂಪು ಅಕ್ಷರದ ಕಾಗದ ಎಲ್ಲಿ? ಬಿಸಾಕಿಲ್ಲ ತಾನೆ?”