ಬ್ರಾಡ್‌ಫರ್ಡಿನ ಫೋಟೋ, ಲಂಡನ್ನಿನ ಕೋಣೆ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು ಹತ್ತೊಂಬತ್ತನೆಯ ಶತಮಾನದ ತನ್ನ ಚಿತ್ರಶಾಲೆಯ ಕೋಣೆಗಳ ಜೀರ್ಣೋದ್ಧಾರ ಮಾಡಿ, 2018ರಲ್ಲಿ ಒಂದಷ್ಟನ್ನೂ 2023ರ ಮೇ ತಿಂಗಳಲ್ಲಿ ಉಳಿದವನ್ನೂ ಛಾಯಾಚಿತ್ರಶಾಲೆಯಾಗಿ ಸಾರ್ವಜನಿಕರಿಗೆ ತೆರೆಯಿತು. ಏಳು ಕೋಣೆ, ಪ್ರವೇಶ ಉಚಿತ. ಜೀರ್ಣೋದ್ಧಾರ ಪುಣ್ಯದ ಕೆಲಸವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಡಿ ಸಿದ್ಧವಾಗುವ ಮೊದಲೇ ಬೇರೆ ಊರಿನ ಗರ್ಭಗುಡಿಯಿಂದ ಮೂರ್ತಿಯನ್ನು ಎತ್ತಿಕೊಂಡು ಬರುವ ವಿಧಿ ಯಾವ ಆಗಮದಲ್ಲಿದೆಯೋ ತಿಳಿಯದು.

ಆ ಬೇರೆ ಊರು ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್. ಅಲ್ಲಿ 1983ರಲ್ಲಿ ರಾಷ್ಟ್ರೀಯ ಛಾಯಾಗ್ರಹಣ ವಸ್ತುಸಂಗ್ರಹಾಲಯ ಆರಂಭವಾಗಿ, ಈ ಶತಮಾನದ ಮೊದಲ ವರ್ಷಗಳಲ್ಲಿ ಲಾಟರಿ ನಿಧಿಯ ನೆರವಿನಿಂದ ಬ್ರಿಟನ್ನಿನ ಹಳೆಯ ಛಾಯಾಗ್ರಹಣ ಸಂಘವಾದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಸಂಗ್ರಹವೂ ಬಂದು ಸೇರಿತ್ತು. 2016ರಲ್ಲಿ ದೊಡ್ಡವರು ಆ ಸಂಗ್ರಹವನ್ನು ಲಂಡನ್ನಿನ ಈ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದಾಗಿ ಪ್ರಕಟಿಸಿದರು. ಬ್ರಾಡ್‌ಫರ್ಡಿನ ಸಂಸ್ಥೆ ಇನ್ನು ಮುಂದೆ ಬೆಳಕು ಮತ್ತು ಶಬ್ದದ ವಿಜ್ಞಾನಕ್ಕೆ ಗಮನ ಕೊಡಲಿದೆಯಂತೆ. ಬೆಳಕಿಗೂ ಫೋಟೋಗೂ ಏನಾದರೂ ಸಂಬಂಧವಿರಬಹುದೇ ಎಂದು ಕೇಳುವುದು ಅಧಿಕಪ್ರಸಂಗವಾದೀತು. ಅದೇ ಊರಿನಲ್ಲಿ ಹುಟ್ಟಿದ ಕಲಾವಿದ ಡೇವಿಡ್ ಹಾಕ್ನಿ ಮೊದಲಾದವರು ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರು. ಸಹಿಗಳು ಪತ್ರದಲ್ಲೇ ಉಳಿದವು, ಪೆಟ್ಟಿಗೆಗಳು ಲಾರಿ ಹತ್ತಿದವು.

ಈಗ ಲಂಡನ್ನಿನ ಸಂಗ್ರಹದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಹಳೆಯ ಫೋಟೋ ಬೆಳಕಿಗೆ ಮಾಸುವುದರಿಂದ ಅದನ್ನು ಮಂದ ದೀಪದಡಿ ಕೆಲವು ತಿಂಗಳು ತೂಗುಹಾಕಿ, ಮತ್ತೆ ಡಬ್ಬಿಗೆ ಸೇರಿಸಬೇಕು. ಹೀಗಾಗಿ ಏಳು ಕೋಣೆಗಳಲ್ಲಿ ಎಷ್ಟೇ ತೋರಿಸಿದರೂ ಬಹುಪಾಲು ಫೋಟೋಗಳ ವಾಸ ಉಗ್ರಾಣದಲ್ಲೇ. ಡಬ್ಬಿಯೊಳಗೆ ಮಲಗುವ ಫೋಟೋಗೆ ಬ್ರಾಡ್‌ಫರ್ಡಿನ ಕತ್ತಲೆಗಿಂತ ಲಂಡನ್ನಿನ ಕತ್ತಲೆಯೇ ಶ್ರೇಷ್ಠವೆಂದು ತಜ್ಞರು ಕಂಡುಕೊಂಡಿರಬೇಕು.

ಲಂಡನ್ನಿನ ಈ ಸಂಸ್ಥೆಯ ಮೊದಲ ನಿರ್ದೇಶಕ ಹೆನ್ರಿ ಕೋಲ್, ಹಗಲೆಲ್ಲ ದುಡಿಯುವ ಕೂಲಿಕಾರರೂ ಸಂಜೆ ಬಂದು ನೋಡಲೆಂದು ಗ್ಯಾಸ್ ದೀಪ ಹಾಕಿಸಿದವರು. 1858ರಲ್ಲೇ ಛಾಯಾಚಿತ್ರ ಪ್ರದರ್ಶನ ನಡೆಸಿದವರು. ಬ್ರಾಡ್‌ಫರ್ಡಿನ ಉಣ್ಣೆ ಗಿರಣಿ ಕಾರ್ಮಿಕರ ಮೊಮ್ಮಕ್ಕಳು ಇಂದು ಅದೇ ಸೌಲಭ್ಯ ಪಡೆಯಲು ಸುಮಾರು ಮುನ್ನೂರು ಕಿಲೋಮೀಟರ್ ರೈಲಿನ ಟಿಕೆಟ್ ಕೊಂಡರಾಯಿತು, ಒಳಗೆ ಹೇಗೂ ಪುಕ್ಕಟೆ. ಹೊಸ ಕೋಣೆಗಳಲ್ಲಿ ಒಂದರಲ್ಲಿ ಒಳಹೊಕ್ಕು ನಿಲ್ಲಬಹುದಾದಷ್ಟು ದೊಡ್ಡದಾದ, ಒಂದೇ ಕಿಂಡಿಯಿಂದ ಬೆಳಕು ಬೀಳುವ ಕತ್ತಲೆ ಪೆಟ್ಟಿಗೆ, ಅಂದರೆ ಕ್ಯಾಮೆರಾ ಅಬ್‌ಸ್ಕೂರಾ ಇದೆ. ಹೊರಗಿನ ಜಗತ್ತು ಅದರೊಳಗೆ ತಲೆಕೆಳಗಾಗಿ ಮೂಡುತ್ತದೆ. ಸಂಗ್ರಹ ಸಾಗಿಸುವ ಸಭೆ ಅದರೊಳಗೆ ನಡೆದಿರಲಿಕ್ಕಿಲ್ಲ, ಆಗಿನ್ನೂ ಅದನ್ನು ಕಟ್ಟಿರಲಿಲ್ಲ.

ಲಂಡನ್ನಿನ ಬಾಗಿಲು ತೆರೆದ ಮರುತಿಂಗಳೇ, 2023ರ ಜೂನಿನಲ್ಲಿ, ಬ್ರಾಡ್‌ಫರ್ಡಿನ ವಸ್ತುಸಂಗ್ರಹಾಲಯ ನವೀಕರಣಕ್ಕಾಗಿ ಮುಚ್ಚಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಅಪರೂಪ. ಮತ್ತೆ ಬಾಗಿಲು ತೆರೆದ 2025ರಲ್ಲಿ ಬ್ರಾಡ್‌ಫರ್ಡ್ ಇಡೀ ಬ್ರಿಟನ್ನಿನ ‘ಸಂಸ್ಕೃತಿ ನಗರ’ವಾಗಿ ಮೆರೆಯಿತು. ಆ ಬಿರುದನ್ನೂ ಸುರಕ್ಷತೆಯ ದೃಷ್ಟಿಯಿಂದ ಲಂಡನ್ನಿಗೆ ಸಾಗಿಸುವ ಪ್ರಸ್ತಾವ ಈವರೆಗೆ ಬಂದಂತಿಲ್ಲ.